ಟ್ಯಾಂಕ್ ದೊಡ್ಡದು, ಪೈಪು ಸಣ್ಣದು: ನಾನು ಕಂಪ್ಯೂಟರ್ ಜೋಡಿಸಿದ ಕಥೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ ಅಪ್ಪನದ್ದು, ಯಕ್ಷಗಾನದ ವಿಡಿಯೋ ಹುಚ್ಚು ನನ್ನದು. ಆಟ ಎಲ್ಲಾದರೂ ಇದೆ ಅಂತ ಗೊತ್ತಾದರೆ ಎರಡು ಕ್ಯಾಮೆರಾ ಹಿಡಿದು ಹೊರಡುತ್ತೇನೆ. ಒಂದು ಇಡೀ ರಂಗಸ್ಥಳಕ್ಕೆ, ಇನ್ನೊಂದು ಮುಖದ ಹತ್ತಿರಕ್ಕೆ. ಮನೆಗೆ ಬಂದು ಎರಡನ್ನೂ ಚೆಂಡೆಯ ಒಂದು ಪೆಟ್ಟಿಗೆ ಹೊಂದಿಸಿ ಎಡಿಟ್ ಮಾಡುವುದು. ನನ್ನ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಬರೆಯುತ್ತದೆ. ಅಂದರೆ ಗಂಟೆಗೆ 22.5 ಜಿಬಿ. ಐದು ಗಂಟೆಯ ಆಟ, ಎರಡು ಕ್ಯಾಮೆರಾ ಅಂದರೆ 225 ಜಿಬಿ ಆಯಿತು.

2022ರ ಕೊನೆಯವರೆಗೆ ಈ ಕೆಲಸ ಮಾಡಿದ್ದು ಹಳೆಯ ಐ3 ಕಂಪ್ಯೂಟರಿನಲ್ಲಿ, 8 ಜಿಬಿ ಮೆಮೊರಿಯಲ್ಲಿ (ರ‍್ಯಾಮ್, ಅದೂ ಡಿಡಿಆರ್3 ಅನ್ನುವ ಹಳೆಯ ತಲೆಮಾರಿನದ್ದು). ಒಂದು ಕಟ್ ಮಾಡಿ ಚಹಾ ಕುಡಿದು ಬಂದರೂ ಬಿಳಿ ವೃತ್ತ ತಿರುಗುತ್ತಲೇ ಇರುತ್ತಿತ್ತು.

ಹೊಸದು ಬೇಕು ಅಂತ ತೀರ್ಮಾನಿಸಿದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ. ಅಂಗಡಿಗೆ ಹೋಗುವ ಮೊದಲು ಒಂದು ವಾರ ಹಳೆಯದರಲ್ಲೇ, ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೆಲಸ ಮಾಡಿದೆ. ಎಡಿಟ್ ಮಾಡುವ ಸಾಫ್ಟ್‌ವೇರ್ ಕೆಡೆನ್‌ಲೈವ್‌ನಲ್ಲಿ ಎರಡು ಟ್ರ್ಯಾಕ್ ಹಾಕಿ, ಪಕ್ಕದಲ್ಲಿ ಬ್ರೌಸರ್ ತೆರೆದರೆ ಮೆಮೊರಿ 7.6 ಜಿಬಿಗೆ ಹೋಗಿ ನಿಲ್ಲುತ್ತಿತ್ತು. ಆ ಹೊತ್ತಿಗೇ ಡಿಸ್ಕ್ ನೂರಕ್ಕೆ ನೂರು. ಮೆಮೊರಿ ಸಾಲದೆ ಹಾರ್ಡ್ ಡಿಸ್ಕನ್ನೇ ಮೆಮೊರಿ ಮಾಡಿಕೊಂಡು ಒದ್ದಾಡುತ್ತಿತ್ತು. ಪ್ರೊಸೆಸರ್ ಮಾತ್ರ ಅರ್ಧ ಖಾಲಿ ಕೂತಿತ್ತು! ನಾನು ಅಷ್ಟು ದಿನ ಪ್ರೊಸೆಸರನ್ನೇ ಬಯ್ಯುತ್ತಿದ್ದೆ. ಹೀಗೆ ನೋಡಿದ್ದರಿಂದ ನನಗೆ ಮೆಮೊರಿ ಕನಿಷ್ಠ 16 ಜಿಬಿ ಬೇಕು, 32 ಇದ್ದರೆ ಆರಾಮ ಅಂತ ಗೊತ್ತಾಯಿತು. ಆಮಂತ್ರಣ ಪತ್ರಿಕೆ ಟೈಪ್ ಮಾಡುವವರಿಗೆ 8 ಜಿಬಿ ಈಗಲೂ ನಡೆಯುತ್ತದೆ, ಸುಮ್ನೆ 32 ಹಾಕಿ ಪೈಸೆ ಕಳೆಯಬೇಕಾಗಿಲ್ಲ.

ಇನ್ನು ಎಲ್ಲಿ ತೆಗೆದುಕೊಳ್ಳುವುದು? ಆನ್‌ಲೈನಿನಲ್ಲಿ ರೇಟು ಕಡಿಮೆ. ಆದರೆ ನನಗೆ ಮೊದಲೊಮ್ಮೆ ಪೆಟ್ಟು ಬಿದ್ದಿತ್ತು. ಹಾಳಾದ ಒಂದು ಹಾರ್ಡ್ ಡಿಸ್ಕಿನ ವಾರಂಟಿಗೆ ಫೋನ್ ಮಾಡಿದರೆ ಅವರು ಪಿನ್ ಕೋಡ್ ಕೇಳಿದರು. 671ರಿಂದ ಶುರುವಾಗುವ ನಂಬರ್ ಹೇಳಿದ ಕೂಡಲೇ 'ನಿಮ್ಮ ಸರ್ವಿಸ್ ಸೆಂಟರ್ ಕೊಚ್ಚಿ' ಅಂದರು. ಮಂಗಳೂರು ನಮಗೆ ಒಂದೂವರೆ ಗಂಟೆಯ ದಾರಿ, ಕೊಚ್ಚಿ ಒಂದು ಇಡೀ ರಾತ್ರಿಯ ರೈಲು. ಕಾಗದದಲ್ಲಿ ನಾವು ಕೇರಳ, ಬಸ್ಸು ಹೋಗುವುದು ಮಂಗಳೂರಿಗೆ. ಇದನ್ನು ಅವರ ಕಂಪ್ಯೂಟರಿಗೆ ಹೇಳುವುದು ಹೇಗೆ? ಹಾಗಾಗಿ ಈ ಸಲ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿನ ಅಂಗಡಿಗೇ ಹೋದೆ. ಜೊತೆಗೆ ತಂಗಿಯ ಮಗ. ಅವನಿಗೆ ಆಗ ಹತ್ತನೇ ಕ್ಲಾಸು. ಕಂಪ್ಯೂಟರ್ ವಿಷಯದಲ್ಲಿ ನನಗಿಂತ ಅವನ ಅಭಿಪ್ರಾಯ ಜಾಸ್ತಿ.

ಪ್ರೊಸೆಸರ್ ರೈಜೆನ್ 5 5600ಜಿ ಅಂತ ಮೊದಲೇ ಮನಸ್ಸು ಮಾಡಿದ್ದೆ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡ್ ಬೇಡ. ಹೆಸರಿನ ಕೊನೆಯ ಆ 'ಜಿ' ನೋಡಿಕೊಳ್ಳಬೇಕು. ಬರೀ 5600 ತಂದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಮಾನಿಟರ್ ಕಪ್ಪಗೇ ಇರುತ್ತದೆ. ಇವನ್ನೆಲ್ಲ ಕೂರಿಸುವ ಮದರ್‌ಬೋರ್ಡ್ ಬಿ550, ನಾಲ್ಕು ಮೆಮೊರಿ ಸ್ಲಾಟ್ ಇರುವಂಥದ್ದು. ವಿಂಡೋಸ್ ಮತ್ತು ಈಗ ಮಾಡುತ್ತಿರುವ ಕೆಲಸಕ್ಕೆ 500 ಜಿಬಿಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದ ಆಟಗಳನ್ನು ತುಂಬಿಡಲು 4 ಟಿಬಿ ಹಾರ್ಡ್ ಡಿಸ್ಕ್. 550 ವಾಟಿನ ಬ್ರಾಂಜ್ ದರ್ಜೆಯ ಪವರ್ ಸಪ್ಲೈ. ಕ್ಯಾಬಿನೆಟ್ ಸಾದಾ. ಹಳೆಯ ಮಾನಿಟರ್ ಹೇಗೂ ಇತ್ತು. ಎಲ್ಲ ಸೇರಿ 45,000 ರೂಪಾಯಿಯ ಒಳಗೆ ನಿಲ್ಲಿಸಿದೆ.

ಎಡವಿದ್ದು ಮೆಮೊರಿಯಲ್ಲಿ.

ಎರಡು 8 ಜಿಬಿ ತೆಗೆದುಕೊಳ್ಳುವುದಾ, ಒಂದು 16 ಜಿಬಿಯಾ? ಅಂಗಡಿಯ ಹುಡುಗ ಹೇಳಿದ: "ಒಂದು 16 ಹಾಕಿ ಸರ್. ಮತ್ತೆ ಬೇಕಾದಾಗ ಇನ್ನೊಂದು 16 ಹಾಕುವಾ. 8 ಹಾಕಿದ್ರೆ ನಾಳೆ ಅದು ವೇಸ್ಟ್." ಮಾತು ಸರಿ ಅಂತಲೇ ಕಂಡಿತು. ಅಳಿಯನ ತಕರಾರು ಬೇರೆಯೇ ಇತ್ತು. "ಮಾವಾ, ಲೈಟ್ ಇಲ್ಲದ ರ‍್ಯಾಮ್ ಎಂತಕ್ಕೆ?" ಬಣ್ಣದ ಲೈಟಿನದ್ದಕ್ಕೆ ಮತ್ತೂ ಪೈಸೆ ಬೇಕು. ನಾನು ಲೈಟ್ ಇಲ್ಲದ, ಒಂದೇ ಒಂದು 16 ಜಿಬಿಯ ಡಿಡಿಆರ್4 ತೆಗೆದುಕೊಂಡೆ, ವೇಗ 3200. ಅವನು ಕುಂಬಳೆ ಬರುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದ.

ಜೋಡಿಸಿದ್ದು ಊಟದ ಮೇಜಿನ ಮೇಲೆ. ಅದರಲ್ಲಿ ಹೇಳುವಂಥದ್ದು ಹೆಚ್ಚು ಇಲ್ಲ, ಬೋರ್ಡಿನ ಪುಸ್ತಕದಲ್ಲೇ ಚಿತ್ರ ಇರುತ್ತದೆ. ಆದರೆ ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಮಾನಿಟರಿಗೆ ಮಾತ್ರ ಏನೂ ಬರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಕಡೆ ಒಂದು ಹಳದಿ ಚುಕ್ಕೆ ಉರಿಯುತ್ತಿತ್ತು. ನನ್ನ ಎದೆ ಧಸಕ್ ಅಂದಿತು. ಅಳಿಯ ಬಗ್ಗಿ ನೋಡಿ, "ಮಾವಾ, ಈ ಬದಿ ಮೇಲೆ ನಿಂತಿದೆ" ಅಂದ. ಈ ಬೋರ್ಡಿನಲ್ಲಿ ಕ್ಲಿಪ್ ಇರುವುದು ಒಂದೇ ಬದಿಗೆ. ಅಲ್ಲಿ ಟಕ್ ಅಂದ ಕೂಡಲೇ ಕೆಲಸ ಆಯಿತು ಅಂತ ನಾನು ಕೈ ತೆಗೆದಿದ್ದೆ. ಕ್ಲಿಪ್ ಇಲ್ಲದ ಇನ್ನೊಂದು ಬದಿ ಒಂದು ಅಕ್ಕಿಕಾಳಿನಷ್ಟು ಮೇಲೆ ಇತ್ತು. ವೈರ್ ಕಳಚಿ, ಎರಡೂ ಹೆಬ್ಬೆರಳು ಇಟ್ಟು, ಬೋರ್ಡ್ ಬಗ್ಗಿತೋ ಅನ್ನುವಷ್ಟು ಒತ್ತಬೇಕಾಯಿತು. ಆಮೇಲೆ ಬಂತು.

ಒಂದು ವಾರ ಸ್ವರ್ಗ. ಮತ್ತೆ ಕಣ್ಣಿಗೆ ಒಂದು ಕಿರಿಕಿರಿ ಬೀಳತೊಡಗಿತು. ಸಂಭಾಷಣೆಯ ಭಾಗ ಚೆನ್ನಾಗಿಯೇ ಓಡುತ್ತಿತ್ತು. ಪುಂಡುವೇಷದವರು ಧೀಂಗಿಣ (ಗಿರಗಿರ ಸುತ್ತುವ ಕುಣಿತ) ತೆಗೆಯಲು ಶುರು ಮಾಡಿದರೆ ಸಾಕು, ಚಿತ್ರ ತಡವರಿಸುತ್ತಿತ್ತು. ಮೂರು ಸುತ್ತು ಹಾಕಿದವರು ಪರದೆಯಲ್ಲಿ ಒಂದೂವರೆ ಸುತ್ತು ಹಾಕಿ ಬೇರೆಲ್ಲೋ ನಿಂತಿರುತ್ತಿದ್ದರು. ಟಾಸ್ಕ್ ಮ್ಯಾನೇಜರ್ ನೋಡಿದರೆ ಮೆಮೊರಿ ಇನ್ನೂ 5 ಜಿಬಿ ಖಾಲಿ. ಮತ್ತೆಂತ ಕಡಿಮೆಯಾದದ್ದು?

ಅದೇ ಪುಟದ ಕೆಳಗೆ ಎರಡು ಸಾಲು ಇದೆ, ಯಾರೂ ನೋಡುವುದಿಲ್ಲ. ಒಂದು ವೇಗ, ಇನ್ನೊಂದು ಎಷ್ಟು ಸ್ಲಾಟ್ ಬಳಸಿದೆ ಅನ್ನುವುದು. ನನ್ನದರಲ್ಲಿ ವೇಗ 2666 ಅಂತ ಇತ್ತು. 3200ಕ್ಕೆ ಪೈಸೆ ಕೊಟ್ಟಿದ್ದೇನಲ್ಲ! ಡಬ್ಬದ ಮೇಲೆ ಬರೆದ ವೇಗ ಎಷ್ಟೋ ಸಲ ತಾನಾಗಿ ಬರುವುದಿಲ್ಲ. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಎಕ್ಸ್‌ಎಂಪಿ ಅನ್ನುವುದನ್ನು ಆನ್ ಮಾಡಬೇಕು, ಕೆಲವು ಬೋರ್ಡಿನಲ್ಲಿ ಅದಕ್ಕೇ ಡಿಒಸಿಪಿ ಅನ್ನುತ್ತಾರೆ. ಮಾಡಿದೆ, 3200 ಆಯಿತು. ಸ್ವಲ್ಪ ಸುಧಾರಿಸಿತು. ಪೂರ್ತಿ ಹೋಗಲಿಲ್ಲ.

ಎರಡನೆಯ ಸಾಲು: ನಾಲ್ಕರಲ್ಲಿ ಒಂದು ಸ್ಲಾಟ್. ಹುಳುಕು ಇದ್ದದ್ದು ಇಲ್ಲಿ. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೆಮೊರಿಯ ಜಿಬಿ ಅಂದರೆ ಟ್ಯಾಂಕ್. ಅದರಿಂದ ಪ್ರೊಸೆಸರಿಗೆ ಹೋಗುವ ದಾರಿ ಪೈಪು. 3200ರ ಮೆಮೊರಿ ಕಡ್ಡಿ ಒಂದೇ ಹಾಕಿದರೆ ಆ ಪೈಪಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹೋಗುತ್ತದೆ. ಎರಡು ಕಡ್ಡಿಯನ್ನು ಸರಿಯಾದ ಸ್ಲಾಟಿನಲ್ಲಿ ಹಾಕಿದರೆ ಎರಡು ಪೈಪು, 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಅದರದ್ದೇ ಮೆಮೊರಿ ಇರುತ್ತದೆ. 5600ಜಿಯ ಗ್ರಾಫಿಕ್ಸಿಗೆ ಸ್ವಂತದ್ದು ಏನೂ ಇಲ್ಲ, ಅದೂ ಇದೇ ಪೈಪಿಗೆ ಬಾಯಿ ಹಾಕುತ್ತದೆ. ಒಂದೇ ಪೈಪಿನಲ್ಲಿ ತೋಟದ ಸ್ಪ್ರಿಂಕ್ಲರೂ ಓಡಬೇಕು, ಮನೆಯ ನಲ್ಲಿಯೂ ಬರಬೇಕು ಅಂದರೆ ಆಗುತ್ತದಾ? ಎರಡು 8 ತಂದಿದ್ದರೆ ಅದೇ ದುಡ್ಡಿಗೆ ಎರಡು ಪೈಪು ಸಿಗುತ್ತಿತ್ತು. ಅಂಗಡಿಯ ಹುಡುಗ ಸುಳ್ಳು ಹೇಳಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕುವವನಿಗೆ ಹೇಳಬೇಕಾದ್ದನ್ನು ನನಗೆ ಹೇಳಿದ, ಅಷ್ಟೆ.

ಆರು ತಿಂಗಳು ಬಿಟ್ಟು ಇನ್ನೊಂದು 16 ತಂದೆ. ಮೊದಲಿನ ಕಂಪನಿಯದ್ದು ಆ ದಿನ ಇರಲಿಲ್ಲ. ಬೇರೆ ಕಂಪನಿಯದ್ದೇ ಆಗಲಿ, ಅಂಕಿಗಳು ಒಂದೇ ಇದೆಯಲ್ಲ ಅಂದುಕೊಂಡೆ. ಎರಡರಲ್ಲೂ 3200, ಎರಡರಲ್ಲೂ ಸಿಎಲ್16. ಈ ಸಿಎಲ್ ಅನ್ನುವುದು ಕೇಳಿದ ಮಾಹಿತಿಯನ್ನು ಮೆಮೊರಿ ಕೊಡಲು ಶುರು ಮಾಡಲು ಕಾಯಿಸುವ ಲೆಕ್ಕ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಬರುತ್ತದೆ. 3200 ಸಿಎಲ್16 ಅಂದರೆ 10. ಹೆಚ್ಚು ದುಡ್ಡಿನ 3600 ಸಿಎಲ್18 ಕೂಡ ಅದೇ 10. ಅಗ್ಗದ 3200 ಸಿಎಲ್22 ಆದರೆ 13.75. ದೊಡ್ಡ ಅಂಕಿಯ ಹಿಂದೆ ಓಡುವ ಮೊದಲು ಈ ಭಾಗಾಕಾರ ಒಮ್ಮೆ ಮಾಡಿ ನೋಡಬಹುದು.

ಪ್ರೊಸೆಸರಿನ ಬದಿಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದೆ. ಒಂದನೆಯ ಮತ್ತು ಎರಡನೆಯದಕ್ಕೆ ಹಾಕಿದರೆ ಈ ಬೋರ್ಡಿನಲ್ಲಿ ಮತ್ತೆ ಒಂದೇ ಪೈಪು. ಧೀಂಗಿಣ ನೀರು ಹರಿದ ಹಾಗೆ ಓಡಿತು. ಅಳಿಯನನ್ನು ಕರೆದು ತೋರಿಸಿದೆ.

ಖುಷಿ ಉಳಿದದ್ದು ನಾಲ್ಕು ದಿನ. ರಾತ್ರಿ ಇಡೀ ಎಕ್ಸ್‌ಪೋರ್ಟ್ ಆಗಲಿ ಅಂತ ಇಟ್ಟು ಮಲಗಿದರೆ, ಬೆಳಿಗ್ಗೆ ನೋಡುವಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳುತ್ತಾ ಕೂತಿರುತ್ತಿತ್ತು. ಒಮ್ಮೆ ಎರಡು ಗಂಟೆಗೆ, ಒಮ್ಮೆ ನಾಲ್ಕಕ್ಕೆ. ಮೊದಲು ಕೆಡೆನ್‌ಲೈವನ್ನು ಬಯ್ದೆ. ಮತ್ತೆ ಸೆಕೆಯನ್ನು ಬಯ್ದೆ, ಫ್ಯಾನ್ ತಿರುಗಿಸಿ ಇಟ್ಟೆ. ಆಮೇಲೆ ಕರೆಂಟು. ನಮ್ಮಲ್ಲಿ ಕರೆಂಟನ್ನು ಬಯ್ದರೆ ಹೇಗೂ ಯಾರೂ ಎದುರು ಮಾತಾಡುವುದಿಲ್ಲ.

ಕೊನೆಗೆ ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ಸಾಫ್ಟ್‌ವೇರನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದೆ. ಅದು ವಿಂಡೋಸ್ ಇಲ್ಲದೆ ಓಡುತ್ತದೆ. ಮೆಮೊರಿಯ ಒಂದೊಂದು ಮನೆಗೂ ಏನೋ ಬರೆದು, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ನೋಡುತ್ತದೆ. 32 ಜಿಬಿಗೆ ಗಂಟೆಗಟ್ಟಲೆ ಬೇಕು. ನೀಲಿ ಪರದೆಯ ಎದುರು ಕೂತು ಪೇಪರ್ ಓದುತ್ತಿದ್ದೆ. ನಲವತ್ತು ನಿಮಿಷ ಆಗಿರಬೇಕು, ತಲೆ ಎತ್ತಿದರೆ ಕೆಳಗೆ ಒಂದು ಕೆಂಪು ಗೆರೆ. ನೋಡುತ್ತಿದ್ದ ಹಾಗೆ ಇನ್ನೊಂದು.

ಒಂದನ್ನು ತೆಗೆದು ಇನ್ನೊಂದನ್ನೇ ಪರೀಕ್ಷಿಸಿದೆ. ತಪ್ಪು ಸೊನ್ನೆ. ಅದಲುಬದಲು ಮಾಡಿದೆ. ಆಗಲೂ ಸೊನ್ನೆ. ಎರಡನ್ನೂ ಹಾಕಿದರೆ ಕೆಂಪು. ಜಾತಕ ಎರಡೂ ಚೆನ್ನಾಗಿದೆ, ಹೊಂದಾಣಿಕೆ ಇಲ್ಲ! ಎಕ್ಸ್‌ಎಂಪಿ ವೇಗ ಅಂದರೆ ಕಂಪನಿಯವರು ಆ ಡಬ್ಬದಲ್ಲಿ ಇದ್ದದ್ದಕ್ಕೆ ಮಾತ್ರ ಕೊಡುವ ಮಾತು. ಹೊರಗೆ ಅಂಕಿ ಒಂದೇ ಇದ್ದರೂ ಒಳಗಿನ ಚಿಪ್ಪು ಬೇರೆ, ಕಾಣದ ಸಣ್ಣಪುಟ್ಟ ಟೈಮಿಂಗೂ ಬೇರೆ. ಜೋಡಿಯಾಗಿ ಪರೀಕ್ಷಿಸಿದ್ದು ಬೇಕಿದ್ದರೆ ಒಂದೇ ಡಬ್ಬದಲ್ಲಿ ಎರಡು ಬರುವ ಕಿಟ್ ತೆಗೆದುಕೊಳ್ಳಬೇಕು. ಬಯಾಸ್‌ನಲ್ಲಿ ವೇಗವನ್ನು 2933ಕ್ಕೆ ಇಳಿಸಿ ರಾತ್ರಿ ಇಡೀ ಪರೀಕ್ಷೆಗೆ ಬಿಟ್ಟೆ. ಬೆಳಿಗ್ಗೆ ಒಂದೂ ಕೆಂಪಿಲ್ಲ. ಅಂದಿನಿಂದ ಅದರಲ್ಲೇ ಓಡುತ್ತಿದೆ. 3200ಕ್ಕೂ 2933ಕ್ಕೂ ಇರುವ ವ್ಯತ್ಯಾಸ ನನ್ನ ಕಣ್ಣಿಗೆ ಇವತ್ತಿನವರೆಗೆ ಕಂಡಿಲ್ಲ.

ಕರೆಂಟಿನ ಮೇಲೆ ಹಾಕಿದ ಅಪವಾದ ಪೂರ್ತಿ ಸುಳ್ಳೂ ಅಲ್ಲ. ಬೇಸಿಗೆಯಲ್ಲಿ ಒಮ್ಮೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅಂದಿತು. ಅರ್ತ್ ಸರಿ ಇಲ್ಲದಿದ್ದರೆ ಹೀಗಾಗುತ್ತದೆ. ಪವರ್ ಸಪ್ಲೈಯ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಡಬ್ಬದ ಮೇಲೆ 230ರ ಸುಮಾರು ಅರ್ಧದಷ್ಟು ವೋಲ್ಟೇಜ್ ಬಂದು ನಿಲ್ಲುತ್ತದೆ. ಅದಕ್ಕೆ ಹೋಗಲು ಇರುವ ದಾರಿ ಅರ್ತ್ ಒಂದೇ. ನಮ್ಮದು ಮುರಕಲ್ಲಿನ ಗುಡ್ಡೆ, ಮಾರ್ಚ್ ಬಂದರೆ ಅರ್ತ್ ಗುಂಡಿ ಒಣಗಿ ಬಿರುಕು ಬಿಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಉಪ್ಪು, ಇದ್ದಿಲು ಹಾಕಿ ಹೊಸ ಗುಂಡಿ ಮಾಡಿಸಿದೆ. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಅಮ್ಮ ಅದಕ್ಕೂ ಎರಡು ಚೊಂಬು ಹೊಯ್ಯುತ್ತಾರೆ. 600 ವಿಎ ಯುಪಿಎಸ್ ಒಂದನ್ನೂ ತಂದೆ. ಫೈಲ್ ಸೇವ್ ಮಾಡಿ ಆಫ್ ಮಾಡಲು ಅದು ಸಾಕು. ದೀಪಾವಳಿ ಹೊತ್ತಿನ ಸಂಜೆಯ ಗುಡುಗಿಗೆ ಮಾತ್ರ ಯುಪಿಎಸ್ಸೂ ಇಲ್ಲ, ಎಂತದೂ ಇಲ್ಲ. ಮೋಡ ಕಪ್ಪಾದ ಕೂಡಲೇ ಗೋಡೆಯಿಂದ ಪ್ಲಗ್ ಕಿತ್ತು ಇಡುವುದು. ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಅಳಿಯ ಈಗ ಕಾಲೇಜು, ಅವನಿಗೂ ಒಂದು ಜೋಡಿಸಬೇಕಂತೆ. ಅವನದ್ದು ಡಿಡಿಆರ್5 ಬೋರ್ಡ್. ನನ್ನ ಡಿಡಿಆರ್4 ಅದರಲ್ಲಿ ಕೂರುವುದಿಲ್ಲ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಅವನ ಗ್ರಹಚಾರಕ್ಕೆ 2025ರ ಕೊನೆಯಿಂದ ಮೆಮೊರಿಯ ರೇಟು ಏರಿ ಕೂತಿದೆ. ಎಐ ಕೆಲಸದ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಮಂಗಳೂರಿನ ಅಂಗಡಿಗೆ ಫೋನ್ ಮಾಡಿದರೆ, "ಇದು ಇವತ್ತಿನ ರೇಟು ಸರ್, ನಾಳೆದ್ದು ನಾಳೆ ಹೇಳ್ತೇನೆ" ಅನ್ನುತ್ತಾರೆ. 16ರ ಒಂದು ಕಡ್ಡಿ ಸಾಕಾ, 8ರ ಎರಡು ಇರುವ ಕಿಟ್ಟಾ ಅಂತ ಅಳಿಯ ಕೇಳಿದ. ಅವನದ್ದೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲೆಕ್ಕ. ಕಿಟ್ಟೇ ಅಂದೆ. ಲೈಟಿನ ಸುದ್ದಿ ಅವನೂ ಎತ್ತಲಿಲ್ಲ.

ಈಗ ನಮ್ಮಲ್ಲಿ ಬೆಳಿಗ್ಗೆ ಎರಡು ಧಾರಣೆ ವಿಚಾರಿಸುತ್ತೇವೆ. ಅಪ್ಪ ಅಡಿಕೆಯದ್ದು ಕೇಳುತ್ತಾರೆ, ಅಳಿಯ ಫೋನ್ ಮಾಡಿ ರ‍್ಯಾಮಿನದ್ದು ಕೇಳುತ್ತಾನೆ. ಅಪ್ಪನಿಗೆ ಏರಿದರೆ ಖುಷಿ, ಅವನಿಗೆ ಇಳಿದರೆ.