ಭರಣಿಯಿಂದ ಇಳಿಸಿದ ಮೇಲೆ ವೈನ್ ಜೋಪಾನ

ಮೊಂತಿ ಫೆಸ್ತ್, ಅಂದರೆ ನಮ್ಮ ಕ್ರೈಸ್ತರ ಮೇರಿ ಮಾತೆಯ ಹುಟ್ಟುಹಬ್ಬ, ಮುಗಿದ ವಾರವೇ ನಾನು ವೈನ್‌ಗೆ ದ್ರಾಕ್ಷಿ ಹಾಕುವುದು. ಸೆಪ್ಟೆಂಬರ್ 8ಕ್ಕೆ ಹಬ್ಬ, ಆಮೇಲೆ 21 ದಿನ ಭರಣಿಯಲ್ಲಿ. ಅಲ್ಲಿಂದ ಕ್ರಿಸ್ಮಸ್‌ಗೆ ಸುಮಾರು ಎರಡೂವರೆ ತಿಂಗಳು ಸಿಗುತ್ತದೆ. ವೈನ್ ಹಾಕುವುದು ಮಂಗಳೂರಿನ ನಮ್ಮ ಎಷ್ಟೋ ಮನೆಗಳಲ್ಲಿ ಗೊತ್ತು. ಆದರೆ ಅದು ಕೆಡುವುದು ಹೆಚ್ಚಾಗಿ ಈ ಎರಡೂವರೆ ತಿಂಗಳಲ್ಲೇ.

ಸೋಸುವಾಗ ಬಟ್ಟೆಯನ್ನು ಹಿಂಡಬೇಡಿ. ಕೈ ತಡೆಯುವುದಿಲ್ಲ, ನನಗೆ ಗೊತ್ತು. ಆದರೆ ಹಿಂಡಿದರೆ ಬೀಜದ ಒಗರೂ ಮಡ್ಡಿಯೂ ಇಳಿದುಬಿಡುತ್ತದೆ. ತಾನಾಗಿ ತೊಟ್ಟಿಕ್ಕಲಿ. ಸೋಸಿದ್ದನ್ನು ಗಾಜಿನ ಜಾಡಿಗೆ ಕುತ್ತಿಗೆಯವರೆಗೆ ತುಂಬಿ, ಮುಚ್ಚಳ ಸಡಿಲವಾಗಿ ಇಟ್ಟು, ಎರಡು ಮೂರು ವಾರ ಮುಟ್ಟಬೇಡಿ.

ಮಡ್ಡಿ ತಳಕ್ಕೆ ಕೂತ ಮೇಲೆ ಜಾಡಿ ಬಗ್ಗಿಸಿ ಸುರಿಯಬಾರದು, ಎಲ್ಲ ಮತ್ತೆ ಕಲಕುತ್ತದೆ. ಹಿಂದಿನ ದಿನವೇ ಜಾಡಿಯನ್ನು ಮೇಜಿನ ಮೇಲಿಡಿ. ಮರುದಿನ ತೆಳು ಪೈಪಿನ ಒಂದು ತುದಿಯನ್ನು ಮಡ್ಡಿಗಿಂತ ಎರಡು ಬೆರಳು ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಕೆಳಗಿಟ್ಟ ಬಾಟಲಿಯ ತಳಕ್ಕೇ ಇಳಿಸಿ. ವೈನ್ ಸದ್ದಿಲ್ಲದೆ ತುಂಬಬೇಕು. ಗುಳುಗುಳು ಎಂದರೆ ಗಾಳಿ ಸೇರುತ್ತಿದೆ ಎಂದೇ ಅರ್ಥ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಹೀಗೇ ಮಾಡಿ. ಬಾಟಲಿಯ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು ನೋಡಿದಾಗ ಜ್ವಾಲೆಯ ಅಂಚು ಚೊಕ್ಕವಾಗಿ ಕಂಡರೆ ತಿಳಿಯಾಗಿದೆ. ಅದನ್ನು ನೋಡುವ ಖುಷಿಯೇ ಬೇರೆ.

ಬಿಗಿಯಾಗಿ ಮುಚ್ಚಲು ಮಾತ್ರ ಅವಸರ ಬೇಡ. ಒಂದು ವರ್ಷ ನಾನು ಬೇಗ ಬಿರಡೆ ಹೊಡೆದೆ. ಒಳಗೆ ಹುಳಿಯುವುದು ನಿಂತಿರಲಿಲ್ಲ, ಸಕ್ಕರೆಯೂ ಉಳಿದಿತ್ತು. ರಾತ್ರಿ ಎರಡು ಬಾಟಲಿ ಒಡೆದು ಗೋಡೆಯೆಲ್ಲ ನೇರಳೆ, ನೆಲದ ತುಂಬ ಗಾಜಿನ ಚೂರು. ಮಕ್ಕಳು ಪಕ್ಕದ ಕೋಣೆಯಲ್ಲೇ ಮಲಗಿದ್ದರು, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ಬಾಟಲಿ ಬಾಯಿಗೆ ಮೊದಲು ಬಲೂನು ಕಟ್ಟುತ್ತೇನೆ. ಒಂದು ವಾರ ಬಲೂನು ಉಬ್ಬದೆ ಜೋತು ಬಿದ್ದಿದ್ದರೆ ಮಾತ್ರ ಮುಚ್ಚುವುದು.

ಮುಚ್ಚುವಾಗ ಮೇಲೆ ಒಂದೂವರೆ ಬೆರಳಿಗಿಂತ ಜಾಸ್ತಿ ಜಾಗ ಬಿಡಬೇಡಿ. ಅರ್ಧ ಖಾಲಿ ಬಾಟಲಿಯಲ್ಲಿರುವ ಗಾಳಿಯೇ ವೈನನ್ನು ವಿನೆಗರ್ ಮಾಡುವುದು. ಉಳಿದದ್ದು ಸ್ವಲ್ಪವಾದರೆ ಸಣ್ಣ ಬಾಟಲಿಗೆ ಹಾಕಿ. ಬಾಟಲಿಗಳನ್ನು ಕುದಿಸಿ, ಒಳಗೆ ಒಂದು ಹನಿ ನೀರೂ ಇಲ್ಲದಂತೆ ಒಣಗಿಸಿಕೊಂಡಿರಿ.

ಇನ್ನು ಇಡುವ ಜಾಗ. ಹಂಚಿನ ಕೆಳಗಿನ ಅಟ್ಟ ಬೇಡವೇ ಬೇಡ, ಬೇಸಿಗೆಯಲ್ಲಿ ಅದು ಕಾದ ಒಲೆ. ಅಡುಗೆಮನೆಯೂ ಬೇಡ. ಫ್ರಿಜ್ ಮೇಲೆ ಬಿಸಿಯೂ ಹೌದು, ನಡುಕವೂ ಹೌದು. ನಾನು ಬಾಟಲಿಗೆ ಪೇಪರ್ ಸುತ್ತಿ, ಬಿಸಿಲು ಬೀಳದ ಕೋಣೆಯಲ್ಲಿ ಮಂಚದಡಿ, ತಣ್ಣಗಿನ ನೆಲದ ಮೇಲೆ ಇಡುತ್ತೇನೆ. ಬಿರಡೆ ಇದ್ದರೆ ಮಲಗಿಸಿ, ಬಿರಡೆ ಒದ್ದೆಯಾಗಿದ್ದರೆ ಸಂದು ಬಿಡುವುದಿಲ್ಲ. ತಿರುಪು ಮುಚ್ಚಳವಾದರೆ ನಿಲ್ಲಿಸಿದರೆ ಸಾಕು. ಮಳೆಗಾಲದಲ್ಲಿ ಬಿರಡೆಯ ಹೊರಗೆ ಬೂಷ್ಟು ಬರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಎಷ್ಟು ವರ್ಷ ಇಡಬಹುದು ಅಂತ ಎಲ್ಲರೂ ಕೇಳುತ್ತಾರೆ. ವೈನ್ ಹಳೆಯದಾಗಲು 12ರಿಂದ 15 ಡಿಗ್ರಿಯ ತಂಪು ಬೇಕು. ನಮ್ಮ ಕರಾವಳಿಯ ಸೆಕೆಗೆ ಅದೆಲ್ಲಿ ಸಿಗಬೇಕು, ಅಲ್ವಾ? ಕ್ರಿಸ್ಮಸ್‌ಗೆ ತೆರೆದದ್ದು ಸ್ವಲ್ಪ ಗಂಟಲಿಗೆ ಹಿಡಿಯುತ್ತದೆ. ಈಸ್ಟರ್‌ಗೆ ಅದೇ ವೈನ್ ಮೆತ್ತಗಾಗಿರುತ್ತದೆ, ಈಸ್ಟ್ ವಾಸನೆ ಹೋಗಿರುತ್ತದೆ. ನನ್ನ ನಾಲಿಗೆಗೆ ಆಗಲೇ ಅದು ಅತ್ಯುತ್ತಮ. ಮುಂದಿನ ಕ್ರಿಸ್ಮಸ್‌ಗೆ ಒಂದೆರಡು ಬಾಟಲಿ ಸಾಕು, ಅದಕ್ಕಿಂತ ಜಾಸ್ತಿ ಕಾಯಿಸಬೇಡಿ.

ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕಂಡರೆ ಹೆದರಬೇಡಿ, ಅದು ದ್ರಾಕ್ಷಿಯದೇ ಹುಳಿ, ತಂಪಿಗೆ ಗಟ್ಟಿಯಾಗಿದೆ. ಮೇಲೆ ರೋಮದಂಥ ಬೂಷ್ಟು ಬಂದಿದ್ದರೆ ಚೆಲ್ಲಿಬಿಡಿ. ಬೂಷ್ಟಿಲ್ಲದೆ ಬರೀ ಹುಳಿಯಾಗಿದ್ದರೆ ಸಕ್ಕರೆ ಹಾಕಿ ಸರಿಮಾಡಲು ಹೋಗಬೇಡಿ. ಪೋರ್ಕ್ ಮಸಾಲೆ ಅರೆಯುವಾಗ ವಿನೆಗರ್ ಬದಲು ಅದನ್ನೇ ಹಾಕಿ, ಬಣ್ಣವೂ ಚೆನ್ನಾಗಿ ಬರುತ್ತದೆ.