ಟಿಕೆಟ್‌ನಿಂದ ಸಿಸ್ಟಂವರೆಗೆ: ಡೆವಲಪರ್ ಕೆಲಸದ ಮೊದಲ ಆರು ವರ್ಷ

ಹುದ್ದೆಯ ಹೆಸರುಗಳು ಕಂಪನಿಗೊಂದು ಥರ. ಸರ್ವೀಸ್ ಕಂಪನಿಗಳಲ್ಲಿ ಸಿಸ್ಟಂ ಎಂಜಿನಿಯರ್, ಟೆಕ್ನಾಲಜಿ ಅನಲಿಸ್ಟ್, ಟೆಕ್ ಲೀಡ್. ಪ್ರಾಡಕ್ಟ್ ಕಂಪನಿಗಳಲ್ಲಿ ಎಸ್‌ಡಿಇ-1 (ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಎಂಜಿನಿಯರ್), ಎಸ್‌ಡಿಇ-2, ಎಸ್‌ಡಿಇ-3, ಸ್ಟಾಫ್. ಹೆಸರು ಏನೇ ಇರಲಿ, ಬಡ್ತಿಯ ಮಾತು ಬಂದಾಗ ಅಳೆಯುವುದು ಒಂದನ್ನೇ: ಈ ವ್ಯಕ್ತಿಯ ಕೈಗೆ ಎಷ್ಟು ಅಸ್ಪಷ್ಟವಾದ ಕೆಲಸ ಕೊಟ್ಟು ನಿಶ್ಚಿಂತೆಯಿಂದ ಇರಬಹುದು? ಹೊಸಬರಿಗೆ 'ಈ ಫಾರಂನಲ್ಲಿ ಒಂದು ಫೀಲ್ಡ್ ಸೇರಿಸಿ' ಅನ್ನುತ್ತಾರೆ. ಎರಡು–ಮೂರು ವರ್ಷದವರಿಗೆ 'ರೀಫಂಡ್ ಎಲ್ಲಿಗೆ ಬಂತು ಅಂತ ಗ್ರಾಹಕರಿಗೆ ಕಾಣಬೇಕು' ಅನ್ನುತ್ತಾರೆ. ಸೀನಿಯರ್‌ಗೆ ಹೇಳುವುದು ಇಷ್ಟೇ: 'ರೀಫಂಡ್ ಬಗ್ಗೆ ಕಾಲ್‌ಗಳು ಜಾಸ್ತಿ ಆಗ್ತಿವೆ, ಯಾಕೆ ನೋಡಿ.' ಮೊದಲನೆಯದರಿಂದ ಮೂರನೆಯದಕ್ಕೆ ಹೋಗುವ ದಾರಿ ಹೇಗೆ ಎನ್ನುವುದೇ ಇಲ್ಲಿನ ವಿಷಯ. ವರ್ಷಗಳು ಕಳೆದ ಮಾತ್ರಕ್ಕೆ ಆ ದಾರಿ ಸವೆಯುವುದಿಲ್ಲ.

ಮೊದಲ ವರ್ಷ: ಒಂದು ಭಾಷೆ, ಒಂದು ಡೇಟಾಬೇಸ್

ಜಾವಾ ಆಗಲಿ, ಪೈಥಾನ್ ಆಗಲಿ, ಪ್ರಾಜೆಕ್ಟ್‌ನಲ್ಲಿ ಯಾವುದಿದೆಯೋ ಅದನ್ನೇ ಆಳವಾಗಿ ಕಲಿಯಿರಿ. ತಿಂಗಳಿಗೊಂದು ಹೊಸ ಕೋರ್ಸ್ ಹಿಡಿದರೆ ಎಲ್ಲದರ ಮೊದಲ ಅಧ್ಯಾಯ ಮಾತ್ರ ಗೊತ್ತಿರುತ್ತದೆ. ಕಲಿಯಲು ಅತ್ಯುತ್ತಮ ಪಠ್ಯ ನಿಮ್ಮ ತಂಡದ ಕೋಡ್. ಒಂದು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕೆಲಸ ಕೇಳುವ ದಾರಿ) ಆರಿಸಿಕೊಳ್ಳಿ. ಬ್ರೌಸರ್‌ನಲ್ಲಿ ಬಟನ್ ಒತ್ತಿದ ಕ್ಷಣದಿಂದ ಡೇಟಾಬೇಸ್‌ಗೆ ಹೋಗಿ ಉತ್ತರ ವಾಪಸ್ ಬರುವವರೆಗೆ ಅದು ಯಾವ ಯಾವ ಸರ್ವೀಸ್, ಫೈಲ್, ಫಂಕ್ಷನ್ ದಾಟುತ್ತದೆ ಎಂದು ಡಿಬಗ್ಗರ್ ಹಾಕಿ ಹಿಂಬಾಲಿಸಿ, ಕಾಗದದ ಮೇಲೆ ಬರೆಯಿರಿ. ವಾರಕ್ಕೆ ಒಂದರಂತೆ ಮೂರು ತಿಂಗಳು ಮಾಡಿದರೆ, ತಂಡದಲ್ಲಿ ಮೂರು ವರ್ಷದಿಂದ ಇರುವವರಿಗೂ ಗೊತ್ತಿಲ್ಲದ ಮೂಲೆಗಳು ನಿಮಗೆ ಗೊತ್ತಾಗುತ್ತವೆ.

ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್, ಪುಶ್ ಬಂದರೆ ಸಾಲದು. ಈ ಸಾಲು ಯಾಕೆ ಬಂತು ಎಂದು ತಿಳಿಯಲು ಗಿಟ್ ಬ್ಲೇಮ್ ಬೇಕು. ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕಲು ಗಿಟ್ ಬೈಸೆಕ್ಟ್ ಬೇಕು. ಬೈಸೆಕ್ಟ್ ಪ್ರತಿ ಸಲ ಅರ್ಧಕ್ಕೆ ಸೀಳುತ್ತಾ ಹೋಗುವುದರಿಂದ 1,000 ಕಮಿಟ್‌ಗಳ ನಡುವೆ ಅಡಗಿದ ತಪ್ಪು ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ.

ಡೇಟಾಬೇಸ್ ವಿಷಯದಲ್ಲಿ ಉದಾಸೀನ ಬೇಡ. ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ನಿಜವಾಗಿ ಬಳಸುವ ಸಿಸ್ಟಂನಲ್ಲಿ) ಕೈಕೊಡುವ ಸಂಗತಿಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಟೇಬಲ್‌ಗೆ 200 ಸಾಲು, ಅಲ್ಲಿ 40 ಲಕ್ಷ. ಹಾಗಾಗಿ ಇಲ್ಲಿ ಮಿಂಚಿನಂತೆ ಓಡಿದ ಕ್ವೆರಿ ಅಲ್ಲಿ ಏದುಸಿರು ಬಿಡುತ್ತದೆ. ಪೋಸ್ಟ್‌ಗ್ರೆಸ್ ಆದರೆ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಜ್' ಹಾಕಿ ಓಡಿಸಿ. ದೊಡ್ಡ ಟೇಬಲ್‌ನಿಂದ ಬೇಕಾಗಿರುವುದು ಹತ್ತೇ ಸಾಲಾಗಿದ್ದು ಅಲ್ಲಿ 'ಸೀಕ್ ಸ್ಕ್ಯಾನ್' (Seq Scan, ಅಂದರೆ ಇಡೀ ಟೇಬಲ್ ಓದುವುದು) ಎಂದು ಕಂಡರೆ ಇಂಡೆಕ್ಸ್ (ಪುಸ್ತಕದ ಪದಸೂಚಿಯಂತೆ ಬೇಗ ಹುಡುಕಿಕೊಡುವ ಪಟ್ಟಿ) ಇಲ್ಲ, ಅಥವಾ ಇದ್ದರೂ ಬಳಕೆಯಾಗುತ್ತಿಲ್ಲ. (ಈ ಆಜ್ಞೆ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ, ಅಪ್‌ಡೇಟ್, ಡಿಲೀಟ್‌ಗಳ ಮುಂದೆ ಹಾಕುವಾಗ ಎಚ್ಚರ.) ಗ್ರಾಹಕ, ದಿನಾಂಕ ಎಂಬ ಎರಡು ಕಾಲಂಗೆ ಆ ಕ್ರಮದಲ್ಲಿ ಇಂಡೆಕ್ಸ್ ಮಾಡಿ, ಬರೀ ದಿನಾಂಕದಿಂದ ಹುಡುಕಿದರೆ ಅದರಿಂದ ಸಾಮಾನ್ಯವಾಗಿ ಉಪಯೋಗ ಆಗುವುದಿಲ್ಲ. ಓಆರ್‌ಎಂ (ಎಸ್‌ಕ್ಯೂಎಲ್ ಅನ್ನು ನಿಮ್ಮ ಪರವಾಗಿ ತಾನೇ ಬರೆಯುವ ಲೈಬ್ರರಿ) ಬಳಸುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ: 50 ಆರ್ಡರ್ ತಂದು, ಪ್ರತಿಯೊಂದರ ಗ್ರಾಹಕರ ಹೆಸರು ಲೂಪ್‌ನಲ್ಲಿ ಕೇಳಿದರೆ ಒಟ್ಟು 51 ಕ್ವೆರಿ ಹೋಗುತ್ತವೆ. ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿ ನೋಡದೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) 300 ಸಾಲಿನೊಳಗೆ ಇರಲಿ. 1,500 ಸಾಲು ಕಳಿಸಿದರೆ ರಿವ್ಯೂ ಮಾಡುವವರು ಮೇಲಿಂದ ಮೇಲೆ ಕಣ್ಣಾಡಿಸಿ 'ಓಕೆ' ಎನ್ನುತ್ತಾರೆ. ಆಮೇಲೆ ಕೆಟ್ಟರೆ ನೀವೊಬ್ಬರೇ. ವಿವರಣೆಯಲ್ಲಿ ಏನು ಬದಲಿಸಿದಿರಿ, ಯಾಕೆ, ಹೇಗೆ ಪರೀಕ್ಷಿಸಿದಿರಿ ಎಂಬ ಮೂರನ್ನೂ ಬರೆಯಿರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ 45 ನಿಮಿಷ ಸ್ವಂತ ಪ್ರಯತ್ನ, ಆಮೇಲೆ ಕೇಳಿಬಿಡಿ. 'ಸರ್, ವರ್ಕ್ ಆಗ್ತಿಲ್ಲ' ಎಂದು ಕೇಳಬೇಡಿ. ಏನು ಮಾಡಹೊರಟಿದ್ದೆ, ಯಾವ ಎರರ್ ಬಂತು, ಏನೇನು ಪ್ರಯತ್ನಿಸಿದೆ, ಎಲ್ಲಿ ಅನುಮಾನ ಎಂದು ನಾಲ್ಕು ಸಾಲಿನಲ್ಲಿ ಬರೆದು ಕೇಳಿ. ಬರೆಯುತ್ತಾ ಹೋದಂತೆ ಎಷ್ಟೋ ಸಲ ಉತ್ತರ ಅಲ್ಲೇ ಹೊಳೆಯುತ್ತದೆ.

ಎಐ ಸಹಾಯಕ ಬರೆದ ಕೋಡಿಗೂ ಇದೇ ನಿಯಮ. ಒಂದೊಂದು ಸಾಲೂ ಯಾಕಿದೆ ಎಂದು ರಿವ್ಯೂನಲ್ಲಿ ವಿವರಿಸಲು ಬರದಿದ್ದರೆ ಅದನ್ನು ಕಳಿಸಬೇಡಿ. ಇಲ್ಲದ ಲೈಬ್ರರಿಯ ಹೆಸರನ್ನೂ ಅದು ಧೈರ್ಯವಾಗಿ ಬರೆದುಕೊಡಬಲ್ಲದು. ಕಂಪನಿ ಒಪ್ಪದ ಟೂಲ್‌ಗೆ ಕಂಪನಿಯ ಕೋಡ್ ಅಂಟಿಸುವುದು ಕೆಲಸಕ್ಕೇ ಕುತ್ತು ತರುವ ತಪ್ಪು.

ಸಪೋರ್ಟ್ ಪ್ರಾಜೆಕ್ಟ್‌ಗೆ ಹಾಕಿದರೆ

ಕ್ಯಾಂಪಸ್‌ನಿಂದ ಬಂದ ಬಹಳ ಮಂದಿಗೆ ಮೊದಲು ಸಿಗುವುದು ಡೆವಲಪ್‌ಮೆಂಟ್ ಅಲ್ಲ, ಎಲ್2 ಸಪೋರ್ಟ್ (ಮೊದಲ ಹಂತದಲ್ಲಿ ಬಗೆಹರಿಯದ ದೂರುಗಳನ್ನು ನೋಡುವ ಎರಡನೇ ಹಂತ). ಎರಡು ವರ್ಷ ಬರೀ ಟಿಕೆಟ್ ಮುಚ್ಚುತ್ತಾ ಕೂತರೆ ಹೊರಗೆ ಬರುವುದು ಕಷ್ಟವಾಗುತ್ತದೆ. ಆದರೆ ಅಲ್ಲೇ ಒಂದು ಬಾಗಿಲಿದೆ. ಒಂದು ತಿಂಗಳು ಬಂದ ಟಿಕೆಟ್‌ಗಳನ್ನೆಲ್ಲ ಶೀಟ್‌ನಲ್ಲಿ ಹಾಕಿ: ಮೂಲ ಕಾರಣ, ಸರಿಪಡಿಸಲು ಹಿಡಿದ ನಿಮಿಷ, ಎಷ್ಟನೇ ಸಲ ಬಂತು. ಒಂದೆರಡು ಕಾರಣಗಳೇ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಅದರಲ್ಲಿ ಒಂದಕ್ಕೆ ಸ್ಕ್ರಿಪ್ಟ್ ಬರೆಯಿರಿ, ಅಥವಾ ಕೋಡ್‌ನಲ್ಲೇ ತಿದ್ದುವ ಪ್ಯಾಚ್ ತಯಾರಿಸಿ ಡೆವಲಪ್‌ಮೆಂಟ್ ತಂಡದ ರಿವ್ಯೂಗೆ ಕೇಳಿ. ಪ್ರೊಡಕ್ಷನ್ ಡೇಟಾ ಮೇಲೆ ಸ್ಕ್ರಿಪ್ಟ್ ಓಡಿಸುವ ಮೊದಲು ಲಿಖಿತ ಅನುಮತಿ ಇರಲಿ, ಮೊದಲ ಸುತ್ತು ಡ್ರೈ ರನ್ (ಏನನ್ನೂ ಬದಲಿಸದೆ, ಏನಾಗುತ್ತಿತ್ತು ಎಂದು ಮಾತ್ರ ತೋರಿಸುವುದು) ಆಗಿರಲಿ. ಇಂಥ ಎರಡು ಪ್ಯಾಚ್ ಆದ ಮೇಲೆ 'ನನ್ನನ್ನು ಡೆವಲಪ್‌ಮೆಂಟ್‌ಗೆ ಹಾಕಿ' ಎಂಬ ಕೋರಿಕೆಗೆ ತೂಕ ಬರುತ್ತದೆ. ಒಂಬತ್ತು ತಿಂಗಳಾದರೂ ಜಾಗ ಬದಲಾಗದಿದ್ದರೆ ಹೊರಗೆ ಹುಡುಕಲು ಶುರುಮಾಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಹಾಸನ, ಕೊಪ್ಪಳ, ಸಿರಸಿಯಿಂದ ಬೆಂಗಳೂರಿಗೆ ಬಂದ ಎಷ್ಟೋ ಒಳ್ಳೆಯ ಡೆವಲಪರ್‌ಗಳು ಮೀಟಿಂಗ್‌ನಲ್ಲಿ ಮೌನವಾಗಿ ಕೂರುತ್ತಾರೆ, ಅವರ ಕೆಲಸವನ್ನು ಬೇರೆಯವರು ವಿವರಿಸುತ್ತಾರೆ. ಇದು ನೋವಿನ ಸಂಗತಿ, ಮತ್ತು ಇದಕ್ಕೆ ಮದ್ದಿದೆ. ಸ್ಟ್ಯಾಂಡ್-ಅಪ್‌ಗೆ (ತಂಡದ ದಿನದ ಚುಟುಕು ಮೀಟಿಂಗ್‌ಗೆ) ಮೂರೇ ವಾಕ್ಯ ಬೇಕು: ನಿನ್ನೆ ಮುಗಿದದ್ದು, ಇವತ್ತಿನದು, ಅಡ್ಡಿಯಾಗಿರುವುದು. ಹಿಂದಿನ ಸಂಜೆಯೇ ಇಂಗ್ಲಿಷ್‌ನಲ್ಲಿ ಬರೆದಿಟ್ಟು ಓದಿದರೂ ಯಾರಿಗೂ ಆಕ್ಷೇಪ ಇರುವುದಿಲ್ಲ. ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳಬೇಡಿ, ವಾಕ್ಯ ಚಿಕ್ಕದಿರಲಿ. ಮೀಟಿಂಗ್‌ನಲ್ಲಿ ಹೇಳಲಾಗದ ಅಭಿಪ್ರಾಯವನ್ನು ಅರ್ಧ ಗಂಟೆಯೊಳಗೆ ತಂಡದ ಚಾನೆಲ್‌ನಲ್ಲಿ ಬರೆಯಿರಿ. ಡಿಸೈನ್ ಟಿಪ್ಪಣಿಯನ್ನು ಮೊದಲು ಕನ್ನಡದಲ್ಲೇ ಯೋಚಿಸಿ ಗೀಚಿ, ಆಮೇಲೆ ಇಂಗ್ಲಿಷ್‌ಗೆ ತನ್ನಿ. ತರ್ಕ ಸ್ಪಷ್ಟವಾಗಿದ್ದರೆ ಸರಳ ಇಂಗ್ಲಿಷ್ ಧಾರಾಳ ಸಾಕು.

ಕನ್ನಡ ಬರುವುದು ಇಲ್ಲಿ ಬಲವೂ ಹೌದು. 'ಕ್ಷ' ಓದುವವರಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಕ, ಹಲಂತ ಚಿಹ್ನೆ (್), ಷ ಎಂಬ ಮೂರು ಕೋಡ್ ಪಾಯಿಂಟ್. ಹೆಸರನ್ನು ಉದ್ದ ನೋಡಿ ಕತ್ತರಿಸುವ ಕೋಡ್ ಅದನ್ನು ನಡುವೆ ಮುರಿದು 'ಕ್' ಎಂದು ತೋರಿಸುತ್ತದೆ. ಎಷ್ಟೋ ಆ್ಯಪ್‌ಗಳಲ್ಲಿ ಇಂಥ ದೋಷಗಳಿವೆ. ಓಪನ್ ಸೋರ್ಸ್‌ಗೆ ಕಾಲಿಡಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ, ಯಾಕೆಂದರೆ ದೋಷ ಇದೆ ಎಂದು ಗೊತ್ತಾಗಲೇ ಕನ್ನಡ ಓದಲು ಬರಬೇಕು.

ಎರಡರಿಂದ ನಾಲ್ಕನೇ ವರ್ಷ: ಹೊಣೆ ಹೊರುವುದು

ಈ ಹಂತದಲ್ಲಿ ಒಂದು ಫೀಚರ್ ಅನ್ನು ಆರಂಭದಿಂದ ಪ್ರೊಡಕ್ಷನ್‌ವರೆಗೆ, ಅಲ್ಲಿಂದ ಮುಂದೆ ಒಂದು ತಿಂಗಳ ನಿಗಾವರೆಗೆ ನೀವೇ ಹೊರಬೇಕು. ಕೋಡ್ ಬರೆಯುವ ಮೊದಲು ಎರಡು ಪುಟದ ಟಿಪ್ಪಣಿ: ಸಮಸ್ಯೆ ಏನು, ಯಾವ ಎರಡು ದಾರಿಗಳಿವೆ, ಯಾವುದನ್ನು ಯಾಕೆ ಬಿಟ್ಟಿರಿ, ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ. ಕೊನೆಯದನ್ನೇ ಹೆಚ್ಚಿನವರು ಬರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಬೇಕಾಗುವುದು ಅದೇ.

ಬಿಡುಗಡೆ ಫೀಚರ್ ಫ್ಲ್ಯಾಗ್ (ಹೊಸ ಕೋಡನ್ನು ಆನ್, ಆಫ್ ಮಾಡುವ ಸ್ವಿಚ್) ಹಿಂದೆ ಇರಲಿ: ಮೊದಲು ಶೇ. 1 ಬಳಕೆದಾರರಿಗೆ, ಒಂದು ದಿನ ಎರರ್ ಪ್ರಮಾಣ ನೋಡಿ ಶೇ. 10, ನಂತರ 50, ನಂತರ 100. ದೊಡ್ಡ ಟೇಬಲ್‌ಗೆ ಹೊಸ ಕಾಲಂ ಸೇರಿಸುವಾಗ ಒಂದೇ ಏಟಿಗೆ ಎಲ್ಲ ಮಾಡಬೇಡಿ. ಮೊದಲು ಖಾಲಿ ಬಿಡಬಹುದಾದ ಕಾಲಂ ಸೇರಿಸಿ. ಆಮೇಲೆ ಹೊಸ ಸಾಲುಗಳಿಗೆ ಬರೆಯುವ ಕೋಡ್ ಹಾಕಿ. ಹಳೆಯ ಸಾಲುಗಳನ್ನು ಸಾವಿರ ಸಾವಿರದಂತೆ ತುಂಬಿ. ಕೊನೆಗೆ 'ಖಾಲಿ ಇರಕೂಡದು' ಎಂಬ ನಿರ್ಬಂಧ. 40 ಲಕ್ಷ ಸಾಲನ್ನು ಒಂದೇ ಅಪ್‌ಡೇಟ್‌ನಲ್ಲಿ ಬದಲಿಸಿದರೆ ಆ ಸಾಲುಗಳೆಲ್ಲ ಅಷ್ಟು ಹೊತ್ತು ಲಾಕ್ ಆಗಿ, ಅವನ್ನು ಬದಲಿಸಲು ಬಂದ ಬೇರೆ ರಿಕ್ವೆಸ್ಟ್‌ಗಳು ಕಾಯುತ್ತಾ ನಿಲ್ಲುತ್ತವೆ. ಪಾವತಿಯ ಕೋಡ್ ಮುಟ್ಟುವವರು ಇದನ್ನೂ ತಿಳಿದಿರಬೇಕು: ಟೈಮ್‌ಔಟ್ ಆಯಿತು ಎಂದರೆ ಹಣ ಹೋಗಿಲ್ಲ ಎಂದಲ್ಲ. ಉತ್ತರ ಬಂದಿಲ್ಲ, ಅಷ್ಟೇ. ಪ್ರತಿ ಪಾವತಿಗೂ ಒಂದು ಐಡೆಂಪೊಟೆನ್ಸಿ ಕೀ (ಇದು ಅದೇ ಪಾವತಿ ಎಂದು ತಿಳಿಸುವ, ಮರುಪ್ರಯತ್ನದಲ್ಲೂ ಬದಲಾಗದ ಗುರುತು) ಕಳಿಸದೆ ಮರುಪ್ರಯತ್ನ ಹಾಕಿದರೆ ಗ್ರಾಹಕರ ಖಾತೆಯಿಂದ ಎರಡು ಸಲ ದುಡ್ಡು ಕಡಿತವಾಗಬಹುದು.

ಆನ್-ಕಾಲ್ (ಸಿಸ್ಟಂ ಕೆಟ್ಟರೆ ಯಾವ ಹೊತ್ತಿನಲ್ಲೂ ನೋಡುವ ಸರದಿ) ತಪ್ಪಿಸಿಕೊಳ್ಳಬೇಡಿ. ನಿದ್ದೆ ಕೆಡುತ್ತದೆ, ನಿಜ. ಆದರೆ ಸಿಸ್ಟಂ ಎಲ್ಲಿ ದುರ್ಬಲ ಎಂದು ಇಷ್ಟು ಬೇಗ ಕಲಿಸುವ ಬೇರೆ ಕೆಲಸ ಇಲ್ಲ. ಅಲರ್ಟ್ ಬಂದಾಗ ಮೊದಲು ತೊಂದರೆ ನಿಲ್ಲಿಸಿ: ಇತ್ತೀಚಿನ ಬಿಡುಗಡೆಯನ್ನು ಹಿಂತೆಗೆಯಿರಿ. ಕಾರಣ ಹುಡುಕುವುದು ಆಮೇಲೆ. ಮರುದಿನ ಬರೆಯುವ ವರದಿಯಲ್ಲಿ ಯಾರ ತಪ್ಪು ಎನ್ನುವುದು ಬೇಡ. ಟೆಸ್ಟ್ ಅದನ್ನು ಯಾಕೆ ಹಿಡಿಯಲಿಲ್ಲ, ಅಲರ್ಟ್ ಯಾಕೆ ತಡವಾಯಿತು ಎನ್ನುವುದು ಬೇಕು.

ಮಾಡಿದ್ದನ್ನು ಬರೆದಿಡುವುದು

ಪ್ರತಿ ಶುಕ್ರವಾರ 15 ನಿಮಿಷ. ಸಮಸ್ಯೆ, ನೀವು ಮಾಡಿದ್ದು, ಮೊದಲಿನ ಸಂಖ್ಯೆ, ಈಗಿನ ಸಂಖ್ಯೆ. 'ಪರ್ಫಾರ್ಮೆನ್ಸ್ ಸುಧಾರಿಸಿದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಆರ್ಡರ್ ಪಟ್ಟಿ 2.8 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಇಂಡೆಕ್ಸ್ ಬದಲಿಸಿದ ಮೇಲೆ 0.3' ಎಂದರೆ ತಿಳಿಯುತ್ತದೆ. ಅದಕ್ಕಾಗಿ ಕೆಲಸ ಶುರುವಾಗುವ ಮೊದಲೇ ಅಳೆದಿಟ್ಟಿರಬೇಕು. ಮುಗಿದ ಮೇಲೆ ಹಳೆಯ ಸಂಖ್ಯೆ ಸಿಗುವುದಿಲ್ಲ. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ ಈ ಟಿಪ್ಪಣಿಗೆ ಬರಬಾರದು.

ಅಪ್ರೈಸಲ್ ಮೀಟಿಂಗ್ ದಿನ ಬಡ್ತಿ ಕೇಳಿದರೆ ತಡವಾಯಿತು. ಬಜೆಟ್, ರೇಟಿಂಗ್ ಸಾಮಾನ್ಯವಾಗಿ ಅದಕ್ಕೆ ವಾರಗಳ ಮೊದಲೇ ತೀರ್ಮಾನವಾಗಿರುತ್ತವೆ. ಆರು ತಿಂಗಳು ಮುಂಚೆ ಮ್ಯಾನೇಜರ್‌ರನ್ನು ಹೀಗೆ ಕೇಳಿ: 'ಮುಂದಿನ ಹಂತಕ್ಕೆ ನನ್ನ ಹೆಸರು ಹೇಳಲು ನಿಮಗೆ ಇನ್ನೂ ಯಾವ ಎರಡು ಕೆಲಸ ತೋರಿಸಬೇಕಾಗುತ್ತದೆ?' ಉತ್ತರವನ್ನು ಮೇಲ್‌ನಲ್ಲಿ ಬರೆದು ಕಳಿಸಿ. ಮ್ಯಾನೇಜರ್ ಬದಲಾದರೂ ಆ ಮೇಲ್ ಇರುತ್ತದೆ.

ಕಂಪನಿ ಬದಲಿಸುವಾಗ

ವಾರಕ್ಕೆ 8–10 ಗಂಟೆ ಸಿಕ್ಕರೆ ತಯಾರಿಗೆ ಮೂರರಿಂದ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಅಲ್ಗಾರಿದಂ ಸುತ್ತಿಗೆ ಅರೇ, ಹ್ಯಾಶ್‌ಮ್ಯಾಪ್, ಟೂ ಪಾಯಿಂಟರ್, ಟ್ರೀ, ಗ್ರಾಫ್ ಗಟ್ಟಿಯಾಗಿರಲಿ. 500 ಲೆಕ್ಕ ಬಾಯಿಪಾಠ ಮಾಡುವ ಬದಲು 120 ಲೆಕ್ಕವನ್ನು ಗಡಿಯಾರ ಇಟ್ಟು, ಬಾಯಲ್ಲಿ ವಿವರಿಸುತ್ತಾ ಬಿಡಿಸಿ. ಮಷಿನ್ ಕೋಡಿಂಗ್ ಸುತ್ತಿನಲ್ಲಿ ಸುಮಾರು 90 ನಿಮಿಷಕ್ಕೆ ಪಾರ್ಕಿಂಗ್ ಲಾಟ್‌ನಂಥ ಪುಟ್ಟ ಸಿಸ್ಟಂ ಓಡಬೇಕು; ಅರ್ಧ ಬರೆದ ಸುಂದರ ಡಿಸೈನ್‌ಗಿಂತ ಓಡುವ ಸರಳ ಕೋಡ್ ಮೇಲು. ಸಿಸ್ಟಂ ಡಿಸೈನ್‌ನಲ್ಲಿ ಚಿತ್ರ ಬರೆಯುವ ಮೊದಲು ಲೆಕ್ಕ ಹಾಕಿ: ದಿನಕ್ಕೆ 86,400 ಸೆಕೆಂಡ್, ಹಾಗಾಗಿ ದಿನಕ್ಕೆ 1 ಕೋಟಿ ರಿಕ್ವೆಸ್ಟ್ ಎಂದರೆ ಸೆಕೆಂಡಿಗೆ ಸುಮಾರು 116. ಬಿಡುವಿಲ್ಲದ ಹೊತ್ತಿಗೆ ಐದು ಪಟ್ಟು ಹಿಡಿದರೂ 580. ಇಷ್ಟಕ್ಕೆ ಕಾಫ್ಕಾ (ಭಾರೀ ಪ್ರಮಾಣದ ಸಂದೇಶಗಳನ್ನು ಸಾಗಿಸುವ ಸಾಫ್ಟ್‌ವೇರ್), ಶಾರ್ಡಿಂಗ್ (ಡೇಟಾಬೇಸ್ ಅನ್ನು ಹಲವು ಯಂತ್ರಗಳಿಗೆ ಹಂಚುವುದು) ಎಂದು ಶುರುಮಾಡಿದರೆ ಎದುರಿನವರಿಗೆ ನಿಮ್ಮ ಅಂದಾಜಿನ ಮೇಲೆ ಅನುಮಾನ ಬರುತ್ತದೆ.

ಸುಳ್ಳು ಅನುಭವ ಸೇರಿಸಲೇಬೇಡಿ. ನಿಮ್ಮ ಪಿಎಫ್ ಖಾತೆಗಳನ್ನೆಲ್ಲ ಜೋಡಿಸುವ ಯುಎಎನ್‌ ಸಂಖ್ಯೆಯಲ್ಲಿ ಎಲ್ಲಿ ಯಾವಾಗ ಪಿಎಫ್ ಕಟ್ಟಿದೆ ಎಂಬುದು ಇದ್ದೇ ಇರುತ್ತದೆ. ಒಂದೇ ತಿಂಗಳು ಎರಡು ಕಡೆ ಕೆಲಸ ಮಾಡಿದ್ದೂ ಅಲ್ಲಿ ಕಾಣುತ್ತದೆ.

ಆಫರ್ ಬಂದಾಗ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ನೋಡಿ ಕುಣಿಯದೆ ಬಿಡಿಸಿ ನೋಡಿ. 12 ಲಕ್ಷದ ಆಫರ್, ಬೇಸಿಕ್ ಅದರ ಅರ್ಧ ಎಂದುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇ. 12ರಂತೆ 72,000, ಗ್ರಾಚ್ಯುಯಿಟಿ ಶೇ. 4.81ರಂತೆ 28,860, ವಿಮೆ 12,000, ವೇರಿಯಬಲ್ (ಸಾಧನೆ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ) 1,20,000. ಇವೆಲ್ಲ ಕಳೆದರೆ ಉಳಿಯುವುದು 9,67,140, ಅಂದರೆ ತಿಂಗಳಿಗೆ 80,595. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋಗಿ ಕೈಗೆ 74,395. ಆದಾಯ ತೆರಿಗೆ ಬಂದರೆ ಅದು ಬೇರೆ. ವೇರಿಯಬಲ್ ಕಳೆದ ಎರಡು ವರ್ಷ ಶೇಕಡಾ ಎಷ್ಟು ಕೊಟ್ಟಿದ್ದಾರೆ ಎಂದು ಎಚ್‌ಆರ್‌ರನ್ನು ನೇರವಾಗಿ ಕೇಳಿ. ಜಾಯಿನಿಂಗ್ ಬೋನಸ್‌ಗೆ ವಾಪಸ್ ಕೊಡುವ ಷರತ್ತು ಎಷ್ಟು ತಿಂಗಳು? ಷೇರು ಕೊಟ್ಟರೆ ಅವು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಬರುತ್ತವೆ. ಹಲವೆಡೆ ಮೊದಲ ವರ್ಷ ತುಂಬದಿದ್ದರೆ ಒಂದೂ ಇಲ್ಲ. ಷೇರುಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಯ ಇಸಾಪ್ (ನೌಕರರಿಗೆ ಷೇರು ಕೊಡುವ ಯೋಜನೆ) ಅನ್ನು ಮನೆ ಬಾಡಿಗೆ, ಇಎಂಐ ಲೆಕ್ಕಕ್ಕೆ ಸೇರಿಸಬೇಡಿ.

90 ದಿನದ ನೋಟಿಸ್ ಪೀರಿಯಡ್ ದೊಡ್ಡ ತಲೆನೋವು. ಸಹಿ ಮಾಡಿದ ಆಫರ್ ಲೆಟರ್ ಕೈಯಲ್ಲಿ ಇಲ್ಲದೆ ರಾಜೀನಾಮೆ ಕಳಿಸಬೇಡಿ, ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ನೋಟಿಸ್ ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ಹಣ ಕಟ್ಟಿ ಬೇಗ ಹೊರಡುವುದು) ಇದ್ದರೆ ಅದು ಬೇಸಿಕ್ ಮೇಲೋ ಗ್ರಾಸ್ ಮೇಲೋ, ಹೊಸ ಕಂಪನಿ ಭರಿಸುತ್ತದೋ ಎಂದು ಬರವಣಿಗೆಯಲ್ಲಿ ಪಡೆಯಿರಿ. ಹೊರಡುವ ಮೊದಲು ಸಂಬಳದ ಸ್ಲಿಪ್‌ಗಳು, ರಿಲೀವಿಂಗ್ ಲೆಟರ್, ಅನುಭವ ಪತ್ರ ನಿಮ್ಮ ಸ್ವಂತ ಮೇಲ್‌ನಲ್ಲಿ ಇರಲಿ. ಹೊಸ ಕಡೆ ಅದೇ ಯುಎಎನ್ ಕೊಡಿ. ಪಿಎಫ್ ವರ್ಗಾಯಿಸಿ, ತೆಗೆಯಬೇಡಿ. ಒಟ್ಟು ಸೇವೆ ಐದು ವರ್ಷ ಆಗುವ ಮುಂಚೆ ಪೂರ್ತಿ ತೆಗೆದರೆ ತೆರಿಗೆ ಬೀಳುತ್ತದೆ. ವರ್ಷದ ನಡುವೆ ಸೇರಿದ್ದರೆ ಹಿಂದಿನ ಕಂಪನಿಯ ಸಂಬಳ, ಟಿಡಿಎಸ್ ವಿವರವನ್ನು ಮೊದಲ ತಿಂಗಳೇ ಪೇರೋಲ್‌ಗೆ ಕೊಡಿ. ಕೊಡದಿದ್ದರೆ ಎರಡೂ ಕಡೆ ಸ್ಟ್ಯಾಂಡರ್ಡ್ ಡಿಡಕ್ಷನ್, ಸ್ಲ್ಯಾಬ್ ಲಾಭ ಹಿಡಿದು ತೆರಿಗೆ ಕಡಿಮೆ ಕಡಿತವಾಗಿ, ಜುಲೈನಲ್ಲಿ ರಿಟರ್ನ್ ಹಾಕುವಾಗ ಬಾಕಿ ತೆರಿಗೆ ಬಡ್ಡಿ ಸಮೇತ ಎದುರಿಗೆ ನಿಲ್ಲುತ್ತದೆ.