ರಾಜಕೀಯ ಭಾಷಣ ಬಿಡಿಸಿ ನೋಡುವುದು ಹೇಗೆ?

ಇಂಗ್ಲಿಷ್, ಜರ್ಮನ್ ಭಾಷಣಗಳ ಶೈಲಿ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಅಲಂಕಾರಗಳ ಪಟ್ಟಿ ಮಾಡುತ್ತಾರೆ. ಅಷ್ಟೇ ಸಾಲದು. ಆ ಮಾತು ಕೇಳುಗರನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದು ಮುಖ್ಯ, ಅಲ್ವಾ?

ಮೊದಲು ಜೋರಾಗಿ ಓದಿ. ಮತ್ತೆ ಮತ್ತೆ ಬರುವ ಮಾತಿಗೆ ಗೆರೆ ಎಳೆಯಿರಿ. ಆಮೇಲೆ ಅದರ ಪಕ್ಕದಲ್ಲಿ ಬದಲಾಗುತ್ತಿರುವುದು ಏನು ಅಂತ ಹುಡುಕಿ. 1940ರ ಜೂನ್ 4ರಂದು, ಜರ್ಮನ್ನರ ಮುತ್ತಿಗೆಗೆ ಸಿಕ್ಕ ಬ್ರಿಟಿಷ್ ಸೈನ್ಯ ಫ್ರಾನ್ಸಿನ ಬಂದರು ಡಂಕರ್ಕ್‌ನಿಂದ ವಾಪಸಾದ ಹೊತ್ತಿನಲ್ಲಿ, ಪ್ರಧಾನಿ ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ 'ನಾವು ಹೋರಾಡುತ್ತೇವೆ' ಅಂತ ಹೇಳುತ್ತಲೇ ಹೋದರು. ಆ ಮಾತು ಬದಲಾಗುವುದಿಲ್ಲ, ಜಾಗ ಬದಲಾಗುತ್ತದೆ: ಫ್ರಾನ್ಸ್, ಸಮುದ್ರ, ಕಡಲ ತೀರ, ಹೊಲ, ಬೀದಿ, ಬೆಟ್ಟ. ಈ ಸಾಲಿನಲ್ಲಿ ಶತ್ರು ಒಳಗೆ ನುಗ್ಗಿ ಬರುತ್ತಲೇ ಇದ್ದಾನೆ, ಆದರೂ ಹೋರಾಟ ನಿಲ್ಲುವುದಿಲ್ಲ. ಕೊನೆಗೆ ಆ ಲಯ ಮುರಿದು 'ಎಂದಿಗೂ ಶರಣಾಗುವುದಿಲ್ಲ' ಅಂದಾಗ ಇಡೀ ಭಾಷಣದ ಭಾರ ಅಲ್ಲಿಗೆ ಬಂದು ಕೂರುತ್ತದೆ. ಲಯ ಮುರಿಯುವ ಜಾಗವನ್ನು ಯಾವತ್ತೂ ಬಿಡಬೇಡಿ.

ಎರಡನೆಯದು, 'ನಾವು' ಅಂದರೆ ಯಾರು? 1985ರ ಮೇ 8ರಂದು ಪಶ್ಚಿಮ ಜರ್ಮನಿಯ ಅಧ್ಯಕ್ಷ ವೈಟ್ಸೆಕರ್ ಆಗಿನ ರಾಜಧಾನಿ ಬಾನ್‌ನ ಸಂಸತ್ತಿನಲ್ಲಿ ಮಾತಾಡಿದರು. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದು ಅಂದಿಗೆ 40 ವರ್ಷ. 'ನಾವು ನೆನೆಯುತ್ತೇವೆ' ಅಂತ ಸತ್ತವರನ್ನು ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿ ಕರೆಯುತ್ತಾರೆ. ಮೊದಲು ನಾಜಿಗಳು ಕೊಂದ 60 ಲಕ್ಷ ಯಹೂದಿಗಳು, ನಂತರ ಸೋವಿಯತ್ ಮತ್ತು ಪೋಲೆಂಡ್ ಜನ, ಆಮೇಲಷ್ಟೇ ತಮ್ಮ ದೇಶದವರು. ಈ ಅನುಕ್ರಮವೇ ಅವರ ವಾದ. ದನಿ ಏರಿಸದೆ, ಯಾರನ್ನೂ ಬೈಯದೆ ಇಷ್ಟು ದೊಡ್ಡ ಮಾತು ಹೇಳಿದ್ದು ನನಗೆ ಇವತ್ತಿಗೂ ಬೆರಗು. ಇಂಥ ಭಾಷಣಕ್ಕೆ ಇಂಗ್ಲಿಷ್ ಅನುವಾದ ಒಂದನ್ನೇ ನಂಬಬೇಡಿ, ಜರ್ಮನ್ ಮೂಲವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಪದಗಳು ಬರುವ ಕ್ರಮ ಅನುವಾದದಲ್ಲಿ ಸುಲಭವಾಗಿ ಕದಲಿಬಿಡುತ್ತದೆ.

ಪ್ರಶ್ನೆ ಕಂಡರೆ ಜಾಸ್ತಿ ಹುಷಾರಾಗಿರಿ. ಇಲ್ಲ ಅನ್ನಲು ಅಲ್ಲಿ ಯಾರಿಗಾದರೂ ಅವಕಾಶ ಇತ್ತಾ ಅಂತ ಕೇಳಿ. 1943ರ ಫೆಬ್ರವರಿ 18ರಂದು, ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೈನ್ಯ ಸೋತ ಬೆನ್ನಲ್ಲೇ, ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಬರ್ಲಿನ್‌ನ ಸಭೆಯೊಂದರಲ್ಲಿ ಹತ್ತು ಪ್ರಶ್ನೆ ಕೇಳಿದ. ಸಂಪೂರ್ಣ ಯುದ್ಧ, ಅಂದರೆ ಇಡೀ ದೇಶವನ್ನೇ ಯುದ್ಧಕ್ಕೆ ತೊಡಗಿಸುವುದು, ಬೇಕಾ ಅನ್ನುವುದೂ ಅದರಲ್ಲಿತ್ತು. ಸಭಿಕರು ಆರಿಸಿ ತಂದವರು. ಹೌದು ಅನ್ನುವ ಕೂಗು ರೇಡಿಯೋದಲ್ಲಿ ಇಡೀ ದೇಶದ ಉತ್ತರದಂತೆ ಕೇಳಿಸಿತು. ಸುಮ್ನೆ 'ಇದು ಉತ್ತರ ಬೇಡದ ಪ್ರಶ್ನೆ' ಅಂತ ಬರೆದು ಮುಂದೆ ಹೋದರೆ ಈ ಮೋಸ ಕಾಣುವುದೇ ಇಲ್ಲ.

ಕೊನೆಗೆ ಧ್ವನಿಮುದ್ರಣ ಕೇಳಿ, ಆದರೆ ಅದು ಯಾವಾಗಿನದು ಅಂತ ನೋಡಿಕೊಳ್ಳಿ. ಚರ್ಚಿಲ್ ಅವರ ಆ ಭಾಷಣ ಅಂದು ಧ್ವನಿಮುದ್ರಣವಾಗಿರಲಿಲ್ಲ. ಈಗ ಕೇಳಸಿಗುವುದು ಅವರು 1949ರಲ್ಲಿ ಮತ್ತೆ ಓದಿದ್ದು. ಹಾಗಾಗಿ ಸಂಸತ್ತಿನಲ್ಲಿ ಅವರು ಎಲ್ಲಿ ತಡೆದು ನಿಂತರು, ಎಲ್ಲಿ ಒತ್ತಿ ಹೇಳಿದರು ಅನ್ನುವುದನ್ನು ಅದರಿಂದ ತೀರ್ಮಾನಿಸಬೇಡಿ.